ಡಿಸೆಂಬರ್ ಒಂದರ ವಿಡಿಯೊವೇ ನಿಮ್ಮ ಮೊದಲ ಆಡಿಷನ್

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 24. ಚಿಕ್ಕಂದಿನಲ್ಲಿ ಮೂರು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತು, ಆಮೇಲೆ ಪಾಶ್ಚಾತ್ಯ ಶಾಸ್ತ್ರೀಯ ವಯೊಲಿನ್‌ಗೆ ಬಂದೆ. ಕಳೆದ ವರ್ಷ ಲಂಡನ್ನಿನ ಟ್ರಿನಿಟಿ ಕಾಲೇಜಿನ ಎಲ್‌ಟಿಸಿಎಲ್ ಡಿಪ್ಲೊಮಾ ಮುಗಿಯಿತು. ಮೆಂಡೆಲ್ಸನ್ ಕನ್ಚೆರ್ಟೊವನ್ನು (ಆರ್ಕೆಸ್ಟ್ರಾ ಜೊತೆ ಒಂಟಿ ವಾದ್ಯ ನುಡಿಸುವ ಕೃತಿ) ಎರಡು ಸಲ ವೇದಿಕೆಯಲ್ಲಿ ನುಡಿಸಿದ್ದೇನೆ. ಓದಿದ್ದು ಎಲೆಕ್ಟ್ರಾನಿಕ್ಸ್ ಬಿ.ಇ., ಈಗ ಬೆಂಗಳೂರಿನಲ್ಲಿ ಕೆಲಸ. ಮುಂದಿನ ವರ್ಷದ ಆಗಸ್ಟ್‌ಗೆ ಅಮೆರಿಕದ ಸಂಗೀತ ಶಾಲೆಯೊಂದರಲ್ಲಿ ವಯೊಲಿನ್ ಮಾಸ್ಟರ್ಸ್ ಸೇರಬೇಕೆಂಬ ಆಸೆ. ಫೆಬ್ರವರಿಯ ಆಡಿಷನ್‌ಗೆ ಇನ್ನೂ ಎಂಟು ತಿಂಗಳಿದೆ ಎಂದು ಸಿಬೇಲಿಯಸ್ ಕನ್ಚೆರ್ಟೊ ಶುರು ಮಾಡಿದ್ದೇನೆ. ದಿನಕ್ಕೆ ಮೂರು ಗಂಟೆ ಅಭ್ಯಾಸ ಸಾಧ್ಯ. ಹೇಗೆ ತಯಾರಾಗಲಿ? ಮನೆಯಲ್ಲಿ ‘ತಡವಾಯಿತು’ ಅನ್ನುತ್ತಾರೆ.

ಉತ್ತರ: ತಡವಾಗಿಲ್ಲ. ಮಾಸ್ಟರ್ಸ್‌ಗೆ ಬರುವವರಲ್ಲಿ 24 ತೀರಾ ಸಹಜ ವಯಸ್ಸು, ಮನೆಯವರಿಗೆ ಧೈರ್ಯವಾಗಿ ಹೇಳಿ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ, ಅದನ್ನು ಮೊದಲು ಸರಿ ಮಾಡೋಣ. ನಿಮ್ಮ ಕೈಯಲ್ಲಿ ಎಂಟು ತಿಂಗಳಿಲ್ಲ. ಐದೂವರೆ ತಿಂಗಳಿದೆ, ಅಷ್ಟೆ.

ಅಮೆರಿಕದ ದೊಡ್ಡ ಸಂಗೀತ ಶಾಲೆಗಳಲ್ಲಿ ಹೆಚ್ಚಿನವು ವಯೊಲಿನ್‌ಗೆ ಪ್ರಿಸ್ಕ್ರೀನಿಂಗ್ ಇಟ್ಟುಕೊಂಡಿವೆ. ಅಂದರೆ ಅರ್ಜಿಯ ಜೊತೆಗೇ ವಿಡಿಯೊ ಕಳಿಸಬೇಕು. ಅದನ್ನು ನೋಡಿ ಯಾರನ್ನು ಎದುರಿಗೆ ಕರೆಯಬೇಕೆಂದು ಅಧ್ಯಾಪಕರು ತೀರ್ಮಾನಿಸುತ್ತಾರೆ. ಬಹಳಷ್ಟು ಕಡೆ ಇದಕ್ಕೆ ಕೊನೆಯ ದಿನ ಡಿಸೆಂಬರ್ 1, ಕೆಲವು ಕಡೆ ಅದಕ್ಕೂ ಮುಂಚೆ. ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ನಡೆಯುವ ಆಡಿಷನ್‌ಗೆ ನಿಮ್ಮನ್ನು ಕರೆಯುತ್ತಾರೋ ಇಲ್ಲವೋ ಎನ್ನುವುದು ಈ ವಿಡಿಯೊದಲ್ಲೇ ನಿರ್ಧಾರವಾಗುತ್ತದೆ. ಅಲ್ಲೇ ಇರುವ ವಿದ್ಯಾರ್ಥಿಗೆ ಬೇಸಿಗೆಯ ಶಿಬಿರಗಳಲ್ಲೋ ಮಾಸ್ಟರ್‌ಕ್ಲಾಸಿನಲ್ಲೋ ಆ ಅಧ್ಯಾಪಕರ ಪರಿಚಯ ಆಗಲೇ ಆಗಿರಬಹುದು. ಬೆಂಗಳೂರಿನಲ್ಲಿ ಕೂತ ನೀವು ಅವರಿಗೆ ಆ ಇಪ್ಪತ್ತು ನಿಮಿಷದ ವಿಡಿಯೊ ಮಾತ್ರ. ಹಾಗಾಗಿ ತಯಾರಿಯ ಮುಕ್ಕಾಲು ಪಾಲು ಆ ವಿಡಿಯೊಕ್ಕೇ ಮೀಸಲಿಡಿ. ಬೇರೆಯವರ ಕಿವಿಗೆ ನೀವು ಹೇಗೆ ಕೇಳಿಸುತ್ತೀರಿ ಎನ್ನುವುದನ್ನು ಅವರಿಗಿಂತ ಮೊದಲು ನೀವು ಕೇಳಿಸಿಕೊಳ್ಳಬೇಕು. ನಾನು ಇಲ್ಲಿ ಬರೆಯುವುದೆಲ್ಲ ಸುತ್ತಿ ಬಳಸಿ ಈ ಒಂದು ಮಾತಿಗೇ ಬರುತ್ತದೆ.

ಈಗ ಸಿಬೇಲಿಯಸ್. ಅದನ್ನು ಮುಚ್ಚಿಡಿ ಎಂದು ಹೇಳುವುದು ನನಗೂ ಕಷ್ಟ. ಆ ಮೊದಲ ಪುಟದಲ್ಲಿ ಮ್ಯೂಟ್ ಹಾಕಿದ ತಂತಿವಾದ್ಯಗಳ ನಡುಕದ ಮೇಲೆ ಒಂಟಿ ವಯೊಲಿನ್ ಮೆಲ್ಲಗೆ ತೇಲಿ ಬರುವುದನ್ನು ನುಡಿಸಲು ಯಾರಿಗೆ ಆಸೆಯಾಗುವುದಿಲ್ಲ! ಆದರೂ ಈ ವರ್ಷದ ಆಡಿಷನ್‌ಗೆ ಅದು ಬೇಡ. ಜೂನ್‌ನಲ್ಲಿ ಶುರು ಮಾಡಿದ ಸಿಬೇಲಿಯಸ್, ದಿನಕ್ಕೆ ಮೂರು ಗಂಟೆಯಲ್ಲಿ, ಮಿಕ್ಕ ಕೃತಿಗಳ ಜೊತೆಗೆ, ನವೆಂಬರ್ ಹೊತ್ತಿಗೆ ‘ನುಡಿಸಬಹುದು’ ಎನ್ನುವ ಮಟ್ಟಕ್ಕೆ ಬರುತ್ತದೆಯೇ ಹೊರತು ಕೈಗೆ ಕೂರುವುದಿಲ್ಲ. ನಿದ್ದೆಗೆಟ್ಟು, ಕೈ ತಣ್ಣಗಾಗಿ, ಎದೆ ಹೊಡೆದುಕೊಳ್ಳುವ ದಿನವೂ ನೂರಕ್ಕೆ ತೊಂಬತ್ತು ಪಾಲು ಬರುವ ಕೃತಿಯನ್ನು ಮಾತ್ರ ಕೈಗೆ ಕೂತದ್ದು ಅನ್ನಬೇಕು. ಆಡಿಷನ್‌ಗೆ ಅಂಥದ್ದನ್ನೇ ಒಯ್ಯಬೇಕು.

ಈ ಮಾತನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನಾನು ಮಾಸ್ಟರ್ಸ್‌ಗೆ ಪ್ರಯತ್ನಿಸಿದ ಮೊದಲ ವರ್ಷ ಇದೇ ಸಿಬೇಲಿಯಸ್ ಹಿಡಿದಿದ್ದೆ. ಆರು ತಿಂಗಳು ಅದರ ಹಿಂದೆಯೇ ಬಿದ್ದೆ. ಆಡಿಷನ್‌ನಲ್ಲಿ ನುಡಿಸಬೇಕಿದ್ದ ಇನ್ನೊಂದು ಕೃತಿ ಬಾಖ್‌ಗೆ ಕೊನೆಯ ಮೂರು ವಾರ ಸಿಕ್ಕಿತು. ಒಳಗೆ ಹೋದಾಗ ಮೇಜಿನ ಆಚೆ ಕೂತಿದ್ದ ಐದು ಜನರಲ್ಲೊಬ್ಬರು ತುಂಬ ಮೃದುವಾಗಿ, ‘ಬಾಖ್‌ನಿಂದ ಶುರು ಮಾಡಿ’ ಅಂದರು. ಎರಡನೇ ಸಾಲಿನ ಹೊತ್ತಿಗೆ ನನಗೇ ಗೊತ್ತಾಗಿತ್ತು. ಸಿಬೇಲಿಯಸ್ ಕೇಳಿದರು, ಒಂದು ಪುಟ, ಸಾಕು ಅಂದರು. ಅವರು ನ್ಯಾಯವಾಗಿಯೇ ನಡೆದುಕೊಂಡರು. ನಾನು ಆರು ತಿಂಗಳನ್ನು ಹಂಚಿಕೊಂಡಿದ್ದೇ ತಪ್ಪಾಗಿತ್ತು. ಮುಂದಿನ ವರ್ಷ ಬ್ರುಖ್‌ನ ಕನ್ಚೆರ್ಟೊ ಹಿಡಿದೆ, ಸೀಟು ಸಿಕ್ಕಿತು.

ಸಿಬೇಲಿಯಸ್‌ಗೂ ಆಡಿಷನ್ನಿನ ಕಹಿ ಗೊತ್ತಿತ್ತು. ಅವರು ವಯೊಲಿನ್ ವಾದಕರಾಗಬೇಕೆಂದೇ ಹೊರಟವರು. 1891ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ವಿಯೆನ್ನಾ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾಕ್ಕೆ ಆಡಿಷನ್ ಕೊಟ್ಟು ಆಯ್ಕೆಯಾಗದೆ ಹಿಂದಿರುಗಿದರು. ವಯೊಲಿನ್‌ಗೆ ಅವರು ಬರೆದ ಒಂದೇ ಒಂದು ಕನ್ಚೆರ್ಟೊ 1904ರದ್ದು. ತಿದ್ದಿ ಬರೆದ ರೂಪ 1905ರಲ್ಲಿ ಬರ್ಲಿನ್‌ನಲ್ಲಿ ರಿಚರ್ಡ್ ಸ್ಟ್ರಾಸ್ ನಿರ್ದೇಶನದಲ್ಲಿ ಮೊದಲ ಸಲ ಕೇಳಿಬಂತು. ಆ ಕೃತಿ ಎಲ್ಲೂ ಹೋಗುವುದಿಲ್ಲ. ಮಾಸ್ಟರ್ಸ್‌ನ ಎರಡು ವರ್ಷದಲ್ಲಿ ಒಳ್ಳೆಯ ಗುರುವಿನ ಬಳಿ ಕಲಿಯಿರಿ.

ನೀವು ಮೆಂಡೆಲ್ಸನ್ ಅನ್ನೇ ಒಯ್ಯಿರಿ. ಎರಡು ಸಲ ವೇದಿಕೆಯ ಮೇಲೆ ಬೆವರಿ ನುಡಿಸಿದ್ದೀರಿ. ಆ ಅನುಭವ ಹೊಸ ಕೃತಿಯಿಂದ ಬರುವುದಿಲ್ಲ. ಅದರಲ್ಲಿ ಇನ್ನೊಂದು ಅನುಕೂಲವೂ ಇದೆ: ಆರ್ಕೆಸ್ಟ್ರಾದ ಉದ್ದದ ಪೀಠಿಕೆ ಇಲ್ಲ, ಒಂದೂವರೆ ಬಾರ್ (ತಾಳದ ಆವರ್ತದಂಥ ಅಳತೆ) ಆಗುತ್ತಿದ್ದಂತೆ ವಯೊಲಿನ್ ರಾಗ ಎತ್ತಿಕೊಳ್ಳುತ್ತದೆ. ಕೇಳುವವರಿಗೆ ಮೊದಲ ಕ್ಷಣದಿಂದ ನಿಮ್ಮ ನಾದವೇ. ‘ಇದನ್ನು ಎಲ್ಲರೂ ನುಡಿಸುತ್ತಾರೆ’ ಎಂಬ ಅಳುಕು ಬೇಡ. ಎಲ್ಲರೂ ನುಡಿಸುವುದರಿಂದಲೇ ಚೆನ್ನಾಗಿ ನುಡಿಸಿದವರು ಅವರ ಕಿವಿಗೆ ತಕ್ಷಣ ಬೀಳುತ್ತಾರೆ. ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಕರ್ಟಿಸ್, ಜೂಲಿಯಾರ್ಡ್, ಕೋಲ್ಬರ್ನ್‌ನಂಥ ಕಡೆ ನಿಮ್ಮ ಜೊತೆ ಸಾಲಿನಲ್ಲಿ ನಿಲ್ಲುವವರು ಸಿಬೇಲಿಯಸ್, ಬ್ರಾಮ್ಸ್ ಅನ್ನು ಹದಿನೇಳಕ್ಕೇ ಮುಗಿಸಿದವರು. ಅಲ್ಲಿಗೂ ಒಂದು ಅರ್ಜಿ ಹಾಕಬೇಕೆನಿಸಿದರೆ ಹಾಕಿ. ಆದರೆ ನಿಮ್ಮ ಪಟ್ಟಿ ಅಲ್ಲಿಗೇ ಮುಗಿಯಬಾರದು.

ಉಳಿದ ಕೃತಿಗಳ ವಿಷಯಕ್ಕೆ ಬಂದರೆ, ಶಾಲೆಯಿಂದ ಶಾಲೆಗೆ ಪಟ್ಟಿ ಬದಲಾಗುತ್ತದೆ, ಆದರೆ ಬೆನ್ನೆಲುಬು ಒಂದೇ: ಬಾಖ್ ಒಂಟಿ ವಯೊಲಿನ್‌ಗೆ ಬರೆದ ಸೊನಾಟ ಅಥವಾ ಪಾರ್ಟಿಟಾ ಎಂಬ ಬಹುಭಾಗದ ಕೃತಿಗಳಿಂದ ಎರಡು ಭಾಗ, ಒಂದು ಮೊಜಾರ್ಟ್ ಕನ್ಚೆರ್ಟೊ, ಒಂದು ದೊಡ್ಡ ರೊಮ್ಯಾಂಟಿಕ್ ಅಥವಾ ಇಪ್ಪತ್ತನೇ ಶತಮಾನದ ಕನ್ಚೆರ್ಟೊ, ಕೆಲವು ಕಡೆ ಪಗನೀನಿಯ ಕಪ್ರೀಚೊ ಅಥವಾ ಅಂಥದ್ದೇ ಎಟ್ಯೂಡ್ (ಕೈಚಳಕ ಪರೀಕ್ಷಿಸುವ ಚಿಕ್ಕ ಕೃತಿ), ಆರ್ಕೆಸ್ಟ್ರಾ ತರಬೇತಿಗೆ ಹೆಸರಾದ ಕಡೆ ಎರಡು ಮೂರು ಎಕ್ಸರ್ಪ್ಟ್, ಅಂದರೆ ಆರ್ಕೆಸ್ಟ್ರಾ ಕೃತಿಗಳಿಂದ ಆರಿಸಿದ ತುಣುಕು. ನೀವು ಆರಿಸಿದ ಎಲ್ಲ ಶಾಲೆಗಳ ಪಟ್ಟಿಯನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು, ಎಲ್ಲದಕ್ಕೂ ಹೊಂದುವ ಚಿಕ್ಕ ಕಾರ್ಯಕ್ರಮ ಯಾವುದೆಂದು ಈ ವಾರವೇ ಗೊತ್ತು ಮಾಡಿಕೊಳ್ಳಿ. ಒಂದು ಶಾಲೆಗಾಗಿ ಮಾತ್ರ ಹೊಸ ಕೃತಿ ಕಲಿಯಬೇಕಾದರೆ ಆ ಶಾಲೆ ಅಷ್ಟು ಬೇಕೇ ಎಂದು ಯೋಚಿಸಿ.

ಬಾಖ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಆಯ್ಕೆ ಸಮಿತಿಯ ಕಿವಿ ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ. ಪಿಯಾನೊದ ಆಸರೆ ಇಲ್ಲ, ವೇಗದ ಮರೆ ಇಲ್ಲ. ನೀವು ಯಾವ ಸೊನಾಟ ಎಂದು ಬರೆದಿಲ್ಲ. ಜಿ ಮೈನರ್ ಎಂದು ಇಟ್ಟುಕೊಂಡು ಹೇಳುತ್ತೇನೆ. ಅದರ ನಿಧಾನಗತಿಯ ಮೊದಲ ಭಾಗ ಅಡಾಜಿಯೊ. ಅದು ಶುರುವಾಗುವುದೇ ನಾಲ್ಕು ತಂತಿಗಳ ಮೇಲಿನ ಒಂದು ದೊಡ್ಡ ಸ್ವರಮೇಳದಿಂದ. ಕೆಳಗಿನ ಜಿ ಮತ್ತು ಡಿ ಖಾಲಿ ತಂತಿಗಳು. ಅವು ಇದ್ದಲ್ಲೇ ಇರುತ್ತವೆ. ಎ ತಂತಿಯ ಮೇಲೆ ಮೊದಲ ಬೆರಳು ಬಿ ಫ್ಲ್ಯಾಟ್, ಇ ತಂತಿಯ ಮೇಲೆ ಎರಡನೇ ಬೆರಳು ಮೇಲಿನ ಜಿ. ನಿಮ್ಮ ಪರೀಕ್ಷೆ ಆ ಬಿ ಫ್ಲ್ಯಾಟ್‌ನಲ್ಲಿದೆ. ಪಿಯಾನೊ ಅಥವಾ ಟ್ಯೂನರ್ ತೋರಿಸುವ ಜಾಗದಲ್ಲಿ ಬೆರಳಿಟ್ಟರೆ ಸ್ವರಮೇಳ ಮಂಕಾಗುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಮೇಲಿಟ್ಟರೆ ಇಡೀ ವಾದ್ಯ ಬಾಯಿ ಬಿಟ್ಟಂತೆ ತೆರೆದುಕೊಳ್ಳುತ್ತದೆ. ಶುದ್ಧ ಸಾಧಾರಣ ಗಾಂಧಾರ ಪಿಯಾನೊದ ಮೈನರ್ ಥರ್ಡ್‌ಗಿಂತ ತುಸು ಎತ್ತರ. ಇದನ್ನು ನಿಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ, ಮೂರು ವರ್ಷ ತಂಬೂರಿಯ ಮುಂದೆ ಕೂತು ನುಡಿಸಿದ್ದೀರಿ.

ಆದ್ದರಿಂದ ಹೀಗೆ ಮಾಡಿ. ಅಟ್ಟದ ಮೇಲಿರುವ ಶ್ರುತಿ ಪೆಟ್ಟಿಗೆ ಇಳಿಸಿ, ಇಲ್ಲವೇ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ. ಐದು ಮನೆಗೆ ಇಡಿ, ಅದೇ ಜಿ. ಅಡಾಜಿಯೊವನ್ನು ಅರ್ಧ ವೇಗದಲ್ಲಿ, ಒಂದೊಂದು ಸ್ವರಮೇಳದಲ್ಲೂ ನಿಂತು, ಬೆರಳಿನ ತುದಿಯನ್ನು ಉರುಳಿಸಿ, ನಾದ ಕಂಪಿಸುವುದು ನಿಂತು ತಿಳಿಯಾಗುವವರೆಗೆ ಹುಡುಕಿ. ಹದಿನೈದು ನಿಮಿಷ, ದಿನವೂ. ರಾಗದ ನಡೆಯಲ್ಲಿ ಎಫ್ ಶಾರ್ಪ್ ಜಿ ಕಡೆಗೆ ಹತ್ತುವಾಗ ಕಾಕಲಿ ನಿಷಾದದಂತೆ ಮೇಲಕ್ಕೆ ಒತ್ತಿಕೊಂಡು ಹೋಗಬಹುದು. ಅದೇ ಎಫ್ ಶಾರ್ಪ್ ಡಿ ಜೊತೆ ಸ್ವರಮೇಳದಲ್ಲಿ ಕೂತಾಗ ಕೆಳಗಿಳಿಯಬೇಕು. ಒಂದೇ ಸ್ವರಕ್ಕೆ ಎರಡು ಮನೆ. ಇದು ಕೇಳಿಸತೊಡಗಿದ ದಿನ ನಿಮ್ಮ ಬಾಖ್ ಬದಲಾಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಬಲಗೈಯಲ್ಲಿ ಕರ್ನಾಟಕ ಶೈಲಿಯ ಉದ್ದದ ಲೀಗಾಟೊ (ಸ್ವರಗಳನ್ನು ಬಿಡದೆ ಜೋಡಿಸುವ) ಹಿಡಿತ ಉಳಿದಿದ್ದರೆ ಬಾಖ್‌ಗೆ ಅದು ಭಾರ. ನಾದಕ್ಕೆ ಉಸಿರು ಬೇಕು, ಬಿಲ್ಲು ತಂತಿಯ ಮೇಲೆ ಮಾತಾಡಬೇಕು. ಎಡಗೈಯ ಕಿವಿ ನಿಮ್ಮ ಆಸ್ತಿ. ಬಲಗೈ ಬೇರೆಯದೇ ಮಾತು ಕಲಿಯಬೇಕು.

ಮೊಜಾರ್ಟ್‌ಗೆ ನಾನು ಮೂರನೆಯದನ್ನೋ ಐದನೆಯದನ್ನೋ ಹೇಳುತ್ತೇನೆ. ಎರಡೂ 1775ರವು, ಬರೆದಾಗ ಅವರಿಗೆ ಹತ್ತೊಂಬತ್ತು. ಐದನೆಯದರಲ್ಲಿ ಏಕಾಏಕಿ ಎಲ್ಲ ನಿಂತು, ಕೆಲವೇ ಬಾರ್‌ಗಳ ಅಡಾಜಿಯೊದಲ್ಲಿ ವಯೊಲಿನ್ ಒಳಗೆ ಬರುತ್ತದೆ. ಆ ಬಾರ್‌ಗಳಲ್ಲಿ ಬಿಲ್ಲನ್ನು ನಡುಗಿಸದೆ, ವೈಬ್ರಾಟೊದಿಂದ, ಅಂದರೆ ಬೆರಳಿನ ಕಂಪನದಿಂದ, ಒರೆಸದೆ ನುಡಿಸಬಲ್ಲವರಿಗೆ ಸಮಿತಿಯವರು ತಲೆಯೆತ್ತಿ ನೋಡುತ್ತಾರೆ. ಧೈರ್ಯ ಸಾಲದೆನಿಸಿದರೆ ಮೂರನೆಯದು ಕ್ಷೇಮ.

ಎಕ್ಸರ್ಪ್ಟ್‌ಗಳಲ್ಲಿ ಸ್ಟ್ರಾಸ್‌ನ ಡಾನ್ ಜುವಾನ್‌ನ ಮೊದಲ ಪುಟ ಬಂದೇ ಬರುತ್ತದೆ ಎಂದುಕೊಳ್ಳಿ. ಮೊಜಾರ್ಟ್‌ನ 39ನೇ ಸಿಂಫನಿಯ ಕೊನೆಯ ಭಾಗ, ಶೂಮನ್‌ನ ಎರಡನೇ ಸಿಂಫನಿಯ ಸ್ಕೆರ್ಟ್ಸೊ ಕೂಡ ಪದೇಪದೇ ಕಾಣುವಂಥವು. ಡಾನ್ ಜುವಾನ್ 1888ರದ್ದು. ಬರೆದಾಗ ಸ್ಟ್ರಾಸ್‌ಗೂ ನಿಮ್ಮ ವಯಸ್ಸೇ, 24. ಮೈಸೂರಿನವರಾದ್ದರಿಂದ ನಿಮಗೆ ಇದನ್ನೂ ಹೇಳಬೇಕು: ಅದೇ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಅವರು ತೀರಿಕೊಂಡ ಮೇಲೆ, 1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿದಾಗ ಆ ಕಛೇರಿಗೆ ಹಣದ ಬೆಂಬಲ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಲಂಡನ್ನಿನ ಫಿಲ್‌ಹಾರ್ಮೊನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಪಿಯಾನೊ ವಾದಕರಾಗಬೇಕೆಂಬ ಆಸೆಯಿದ್ದ ಅರಸರು. ಈ ಸಂಗೀತ ನಮ್ಮ ಊರಿಗೆ ಹೊರಗಿನದೆಂದು ಯಾರಾದರೂ ಅಂದರೆ ನಿಮ್ಮ ಬಳಿ ಉತ್ತರವಿದೆ.

ದಿನಕ್ಕೆ ಮೂರು ಗಂಟೆ ಸಾಧ್ಯ ಎಂದಿದ್ದೀರಿ. ಸಾಕು, ಅದು ಒಡೆದು ಚೂರಾಗದಿದ್ದರೆ. ಕೆಲಸಕ್ಕೆ ಹೋಗುವ ಮೊದಲು ಎರಡು ಗಂಟೆ, ಸಂಜೆ ಒಂದು. ದಣಿದ ಸಂಜೆಯಲ್ಲಿ ಹೊಸದನ್ನು ಕಲಿಯಬೇಡಿ, ಕಲಿತದ್ದನ್ನು ನಿಲ್ಲಿಸದೆ ನುಡಿಸಿ. ಬೆಳಗಿನ ಮೊದಲ ಅರ್ಧ ಗಂಟೆ ಸ್ಕೇಲ್, ಥರ್ಡ್ಸ್, ಆಕ್ಟೇವ್. ಆಮೇಲೆ ತಂಬೂರಿಯೊಡನೆ ಬಾಖ್. ಭಾನುವಾರ ರೆಕಾರ್ಡಿಂಗ್.

ಆ ಭಾನುವಾರದ ರೆಕಾರ್ಡಿಂಗ್ ತಪ್ಪಿಸಬೇಡಿ. ಎದ್ದು ಮುಖ ತೊಳೆದು, ಬೆರಳು ಬಿಸಿ ಮಾಡಿಕೊಳ್ಳದೆ, ಮೊದಲ ಸಲಕ್ಕೇ ಬಾಖ್‌ನಿಂದ ಮೆಂಡೆಲ್ಸನ್‌ವರೆಗೆ ಒಂದೇ ಓಟ. ತಪ್ಪಾದರೂ ನಿಲ್ಲಬಾರದು. ತಕ್ಷಣ ಕೇಳಬೇಡಿ, ನುಡಿಸಿದ ಬಿಸಿಯಲ್ಲಿ ಕಿವಿ ಸುಳ್ಳು ಹೇಳುತ್ತದೆ. ಮರುದಿನ ಬಸ್ಸಿನಲ್ಲೋ ಮೆಟ್ರೊದಲ್ಲೋ ಬೇರೆ ಯಾರದೋ ವಾದನ ಎಂದುಕೊಂಡು ಕೇಳಿ, ಕೇಳಿಸಿದ್ದನ್ನು ಮೂರೇ ಸಾಲು ಬರೆದಿಡಿ. ನನ್ನ ವಿದ್ಯಾರ್ಥಿಯೊಬ್ಬಳ ನೋಟುಬುಕ್ಕಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹನ್ನೊಂದು ವಾರ ಒಂದೇ ಸಾಲು ಮತ್ತೆ ಮತ್ತೆ ಇತ್ತು: ‘ಕಷ್ಟದ ಜಾಗಕ್ಕೆ ಮೊದಲೇ ವೇಗ ಹೆಚ್ಚುತ್ತಿದೆ’. ಬೆರಳಿಗೆ ಕಷ್ಟವಿರಲಿಲ್ಲ, ಭಯವಿತ್ತು. ಅದು ಗೊತ್ತಾದ ಮೇಲೆ ಆ ಜಾಗದ ಹಿಂದಿನ ನಾಲ್ಕು ಬಾರ್‌ಗಳನ್ನು ಮಾತ್ರ ಅಭ್ಯಾಸ ಮಾಡಿದಳು. ಹನ್ನೆರಡನೇ ವಾರ ಆ ಸಾಲು ಇರಲಿಲ್ಲ.

ಅಕ್ಟೋಬರ್‌ನಿಂದ ಜನರ ಮುಂದೆ ನುಡಿಸಿ. ಸಂಗೀತ ಬಲ್ಲವರೇ ಬೇಕೆಂದಿಲ್ಲ. ಚಿಕ್ಕಮ್ಮನ ಮನೆ, ಆಫೀಸಿನ ಗೆಳೆಯರು, ಯಾವುದಾದರೂ ಶಾಲೆಯ ಮಕ್ಕಳು, ಯಾರಾದರೂ ಸರಿ. ಮನೆಯ ಮೆಟ್ಟಿಲನ್ನು ಎರಡು ಸಲ ಓಡಿ ಹತ್ತಿ ಇಳಿದು, ಏದುಸಿರಿನಲ್ಲೇ ಮೊಜಾರ್ಟ್ ಎತ್ತಿಕೊಳ್ಳಿ. ಆಡಿಷನ್ ಕೋಣೆಯಲ್ಲಿ ಎದೆ ಹಾಗೆಯೇ ಹೊಡೆದುಕೊಳ್ಳುತ್ತದೆ, ಬಿಲ್ಲಿಗೆ ಅದರ ಪರಿಚಯ ಮೊದಲೇ ಆಗಿರಲಿ. ನಡುವೆ ಎಲ್ಲಿಂದಲಾದರೂ ಶುರು ಮಾಡುವುದನ್ನೂ ಕಲಿಯಿರಿ. ‘ಡೆವಲಪ್‌ಮೆಂಟ್‌ನಿಂದ’ (ನಡುವಿನ ಘಟ್ಟ), ‘ಕಡೆನ್ಜಾದಿಂದ’ (ಒಂಟಿ ವಾದನದ ಘಟ್ಟ) ಎಂದು ಗೆಳತಿಯೊಬ್ಬಳು ಕೂಗಲಿ, ನೀವು ಐದು ಸೆಕೆಂಡಿನಲ್ಲಿ ಹೊರಡಬೇಕು.

ವಿಡಿಯೊದ ವಿಷಯ. ನಿಯಮಗಳನ್ನು ಅಕ್ಷರಕ್ಷರ ಓದಿ. ಒಂದು ಭಾಗವನ್ನು ಒಂದೇ ಟೇಕ್‌ನಲ್ಲಿ ನುಡಿಸಬೇಕು, ಕತ್ತರಿಸಿ ಜೋಡಿಸುವಂತಿಲ್ಲ, ಮುಖವೂ ಎರಡೂ ಕೈಗಳೂ ಕಾಣಬೇಕು ಎಂಬುದು ಸಾಮಾನ್ಯ ನಿಯಮ. ಫೋನಿನ ಚಿತ್ರ ಸಾಕು, ಫೋನಿನ ಧ್ವನಿ ಸಾಲದು. ಫೋನು ಮೆಲ್ಲಗಿನದನ್ನು ತಾನೇ ಎತ್ತುತ್ತದೆ, ಜೋರಿನದನ್ನು ತಾನೇ ಅದುಮುತ್ತದೆ. ನೀವು ತಿಂಗಳುಗಟ್ಟಲೆ ಕಟ್ಟಿದ ಪಿಯಾನಿಸಿಮೊ ಮತ್ತು ಫೋರ್ಟೆ ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಒಳ್ಳೆಯ ಸ್ಟೀರಿಯೊ ರೆಕಾರ್ಡರ್ ಬಾಡಿಗೆಗಾದರೂ ತನ್ನಿ, ಆಟೊ ಲೆವೆಲ್ ಆಫ್ ಮಾಡಿ, ಎರಡು ಮೂರು ಮೀಟರ್ ದೂರದಲ್ಲಿ ನಿಮ್ಮ ತಲೆಗಿಂತ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಇಡಿ. ಹತ್ತಿರವಿಟ್ಟರೆ ಬಿಲ್ಲಿನ ಕೆರೆತ ಬರುತ್ತದೆ, ನಾದ ಬರುವುದಿಲ್ಲ. ಮದುವೆ ಛತ್ರದ ಹಾಲ್ ಬೇಡ, ಪ್ರತಿಧ್ವನಿ ನುಂಗಿಹಾಕುತ್ತದೆ. ಮರದ ನೆಲ, ಪರದೆ, ಕುರ್ಚಿಗಳಿರುವ ಸಣ್ಣ ಸಭಾಂಗಣ ಅಥವಾ ಚರ್ಚ್ ಹಾಲ್ ನೋಡಿ, ಬೆಳಗ್ಗೆ ಆರಕ್ಕೆ ಹೋಗಿ. ಎಂಟರ ಮೇಲೆ ಬೆಂಗಳೂರಿನ ಹಾರ್ನ್ ನಿಮ್ಮ ಅಡಾಜಿಯೊದಲ್ಲಿ ಸೇರಿಕೊಳ್ಳುತ್ತದೆ.

ಪಿಯಾನೊ ಜೊತೆಗಾರರನ್ನು ಜುಲೈನಲ್ಲೇ ಗೊತ್ತು ಮಾಡಿ. ಮೆಂಡೆಲ್ಸನ್‌ನ ಆರ್ಕೆಸ್ಟ್ರಾ ಭಾಗವನ್ನು ಪಿಯಾನೊದಲ್ಲಿ ನಿಭಾಯಿಸಬಲ್ಲವರು ನಮ್ಮಲ್ಲಿ ಕೆಲವರೇ, ಡಿಸೆಂಬರ್ ಹತ್ತಿರವಾದಂತೆ ಅವರಿಗೆ ಕ್ರಿಸ್ಮಸ್ ಕಛೇರಿಗಳು. ಕನಿಷ್ಠ ನಾಲ್ಕು ರಿಹರ್ಸಲ್ ಇರಲಿ, ತಕ್ಕ ಸಂಭಾವನೆ ಕೊಡಿ. ರೆಕಾರ್ಡಿಂಗ್ ಅನ್ನು ನವೆಂಬರ್ ಮೊದಲ ವಾರಕ್ಕೆ ಇಟ್ಟುಕೊಂಡರೆ, ಕೆಟ್ಟರೆ ಮತ್ತೊಮ್ಮೆ ಮಾಡಲು ಸಮಯವಿರುತ್ತದೆ. ಒಂದು ದಿನದಲ್ಲಿ ಒಂದು ಕೃತಿಗೆ ಮೂರು ಟೇಕ್ ಮೀರಬೇಡಿ. ನಾಲ್ಕನೆಯದು ಮೂರನೆಯದಕ್ಕಿಂತ ಚೆನ್ನಾಗಿ ಬಂದದ್ದನ್ನು ನಾನು ಕಂಡದ್ದೇ ಕಡಿಮೆ. ಯಾವ ಟೇಕ್ ಕಳಿಸಬೇಕೆಂದು ತೋಚದಿದ್ದಾಗ, ತಪ್ಪು ಕಡಿಮೆ ಇರುವುದನ್ನು ಬಿಟ್ಟು ಉಸಿರಿರುವುದನ್ನು ಆರಿಸಿ. ಒಂದು ಜಾರಿದ ಸ್ವರವನ್ನು ಅವರು ಕ್ಷಮಿಸುತ್ತಾರೆ, ಹೆದರಿ ಹೆದರಿ ನುಡಿಸಿದ ಪುಟವನ್ನು ಕ್ಷಮಿಸುವುದಿಲ್ಲ.

ಇನ್ನು ಶಾಲೆ ಆರಿಸುವುದು. ಇಲ್ಲಿ ನಮ್ಮವರು ಎಂಜಿನಿಯರಿಂಗ್ ಕಾಲೇಜು ಆರಿಸುವ ಹಾಗೆ ಹೆಸರಿನ ಹಿಂದೆ ಹೋಗುತ್ತಾರೆ. ಸಂಗೀತದಲ್ಲಿ ಶಾಲೆಗಿಂತ ಗುರು ದೊಡ್ಡವರು. ಇದು ನಮಗೆ ಹೊಸ ಮಾತೇನಲ್ಲ. ಎರಡು ವರ್ಷ ವಾರಕ್ಕೊಂದು ಗಂಟೆ ಒಂದೇ ಕೋಣೆಯಲ್ಲಿ ಕೂರುವುದು ಆ ಒಬ್ಬರ ಜೊತೆಯೇ. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ನಾಲ್ಕೈದು ಅಧ್ಯಾಪಕರಿಗೆ ಚಿಕ್ಕದಾಗಿ, ನಿಮ್ಮ ಒಂದು ವಿಡಿಯೊ ಕೊಂಡಿಯ ಜೊತೆ ಪತ್ರ ಬರೆದು, ಒಂದು ಪರಿಚಯದ ಪಾಠ ಸಾಧ್ಯವೇ ಎಂದು ಕೇಳಿ. ಕೆಲವರು ಉತ್ತರಿಸುವುದಿಲ್ಲ, ಬೇಸರ ಬೇಡ. ಉತ್ತರಿಸಿದವರು ಆನ್‌ಲೈನ್ ಪಾಠ ಕೊಡುತ್ತಾರೆ, ಶುಲ್ಕವೂ ಇರಬಹುದು. ಜೂಮ್‌ನಲ್ಲಾದರೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅದು ನಿಮ್ಮ ದೀರ್ಘ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ. ಆ ಪಾಠದಲ್ಲಿ ಅವರು ನಿಮ್ಮನ್ನು ಅಳೆಯುತ್ತಾರೆ, ನಿಜ. ನೀವೂ ಅಳೆಯಿರಿ. ಅವರು ಹೇಳಿದ ಒಂದು ಬದಲಾವಣೆ ಅಲ್ಲೇ ನಿಮ್ಮ ಕೈಯಲ್ಲಿ ಕೆಲಸ ಮಾಡಿತೇ? ಪಾಠ ಮುಗಿದ ಮೇಲೆ ಮತ್ತೆ ವಾದ್ಯ ಎತ್ತಿಕೊಳ್ಳಬೇಕೆನಿಸಿತೇ?

ಹಣದ ಮಾತು ಮನೆಯಲ್ಲಿ ಹೇಗೂ ಬಂದೇ ಬರುತ್ತದೆ. ಅರ್ಜಿ ಶುಲ್ಕವೇ ಶಾಲೆಯೊಂದಕ್ಕೆ ನೂರು ಡಾಲರ್ ಆಸುಪಾಸು, ಆದ್ದರಿಂದ ಆರಕ್ಕಿಂತ ಹೆಚ್ಚು ಬೇಡ. ಫಿಲಡೆಲ್ಫಿಯಾದ ಕರ್ಟಿಸ್‌ನಲ್ಲಿ 1928ರಿಂದ ಬೋಧನಾ ಶುಲ್ಕವೇ ಇಲ್ಲ. ಯೇಲ್ ಸ್ಕೂಲ್ ಆಫ್ ಮ್ಯೂಸಿಕ್‌ಗೆ 2005ರಲ್ಲಿ 10 ಕೋಟಿ ಡಾಲರ್ ದಾನ ಬಂದ ಮೇಲೆ ಅಲ್ಲಿಯೂ ಇಲ್ಲ, ಲಾಸ್ ಏಂಜಲೀಸ್‌ನ ಕೋಲ್ಬರ್ನ್ ಕನ್ಸರ್ವೇಟರಿಯೂ ಶುಲ್ಕ ಕೇಳುವುದಿಲ್ಲ. ಇಲ್ಲಿ ಸೀಟು ತುಂಬ ಕಡಿಮೆ, ಸ್ಪರ್ಧೆ ಊಹಿಸಬಹುದು. ನಿಮ್ಮಂಥವರಿಗೆ ನಾನು ಒತ್ತಿ ಹೇಳುವುದು ರಾಜ್ಯ ವಿಶ್ವವಿದ್ಯಾಲಯಗಳ ಸಂಗೀತ ಶಾಲೆಗಳನ್ನು. ಅಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್‌ಶಿಪ್ ಎಂದು ಇರುತ್ತದೆ: ನೀವು ಕ್ವಾರ್ಟೆಟ್‌ನಲ್ಲಿ ನುಡಿಸುತ್ತೀರಿ ಅಥವಾ ಕಿರಿಯರಿಗೆ ಪಾಠ ಹೇಳುತ್ತೀರಿ, ಅವರು ಶುಲ್ಕದಲ್ಲಿ ಪೂರ್ತಿಯೋ ಅರ್ಧವೋ ಬಿಟ್ಟು ತಿಂಗಳಿಗೆ ಇಷ್ಟೆಂದು ಕೊಡುತ್ತಾರೆ. ದೊಡ್ಡ ಹೆಸರಿನ ಶಾಲೆಯಲ್ಲಿ ಸಾಲ ಮಾಡಿ ಓದುವುದಕ್ಕಿಂತ ಇದು ಮೇಲು ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಎಂಜಿನಿಯರಿಂಗ್ ಓದಲು ಹೋದ ನಿಮ್ಮ ಗೆಳೆಯರಿಗೆ ಓದಿನ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ಒಂದು ವರ್ಷದ ಅನುಮತಿಯ (ಒಪಿಟಿ) ಮೇಲೆ ಇನ್ನೂ ಎರಡು ವರ್ಷ ಸಿಗುತ್ತದೆ. ವಯೊಲಿನ್ ಓದಿದವರಿಗೆ ಈಗಿನ ನಿಯಮದಲ್ಲಿ ಆ ಒಂದು ವರ್ಷ ಮಾತ್ರ. ಸಾಲದ ಲೆಕ್ಕ ಹಾಕುವಾಗ ಇದು ಅಪ್ಪ ಅಮ್ಮನಿಗೂ ಗೊತ್ತಿರಲಿ.

ಬಿ.ಇ. ಪದವಿ ಅಡ್ಡಿಯೇ? ಕೆಲವು ಶಾಲೆಗಳು ಸಂಗೀತದಲ್ಲೇ ಬ್ಯಾಚುಲರ್ ಕೇಳುತ್ತವೆ, ಕೆಲವು ಯಾವುದೇ ಬ್ಯಾಚುಲರ್ ಜೊತೆ ಸಮಾನ ಸಂಗೀತ ಶಿಕ್ಷಣವಿದ್ದರೆ ಒಪ್ಪುತ್ತವೆ. ನಿಮ್ಮದು ನಾಲ್ಕು ವರ್ಷದ ಪದವಿಯಾದ್ದರಿಂದ ಮೂರು ವರ್ಷದ ಬಿ.ಎ., ಬಿ.ಎಸ್‌ಸಿ.ಯವರಿಗೆ ಬರುವ ತಕರಾರು ಬರುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಪ್ರವೇಶ ಕಚೇರಿಗೆ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್‌ಗೆ ಈಗಲೇ ಅರ್ಜಿ ಹಾಕಿ, ವಾರಗಟ್ಟಲೆ ಹಿಡಿಯುತ್ತದೆ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಸೆಪ್ಟೆಂಬರ್ ಒಳಗೆ ಮುಗಿಸಿ. ಶಿಫಾರಸು ಪತ್ರ ಸಂಗೀತದವರಿಂದಲೇ ಇರಲಿ, ಆಫೀಸಿನ ಮ್ಯಾನೇಜರಿಂದ ಬೇಡ.

ಸೇರಿದ ಮೊದಲ ವಾರ ಥಿಯರಿ, ಸಂಗೀತದ ಇತಿಹಾಸ, ಇಯರ್ ಟ್ರೇನಿಂಗ್‌ಗಳಲ್ಲಿ ಪ್ಲೇಸ್‌ಮೆಂಟ್ ಪರೀಕ್ಷೆ ಇರುತ್ತದೆ. ಫೇಲಾದರೆ ಪದವಿಗೆ ಲೆಕ್ಕಕ್ಕೆ ಬಾರದ ಕೋರ್ಸ್‌ಗಳನ್ನು ಕೂತು ಓದಬೇಕು. ಇಯರ್ ಟ್ರೇನಿಂಗ್‌ನಲ್ಲಿ ಸರಳೆ ವರಸೆ ಹಾಡಿ ಬೆಳೆದವರಿಗೆ ಕಷ್ಟವಾಗದು. ನಾಲ್ಕು ಧ್ವನಿಗಳ ಹಾರ್ಮನಿ ಬರೆಯುವುದು ಮಾತ್ರ ಬೇರೆ ವಿದ್ಯೆ. ವಾರಕ್ಕೆರಡು ಸಂಜೆ ಅದಕ್ಕೆ ಕೊಡಿ.

ಎದುರಿನ ಆಡಿಷನ್‌ಗೆ ಕರೆ ಬಂದರೆ, ಸಾಧ್ಯವಿದ್ದರೆ ಹೋಗಿ. ದೂರದವರಿಗೆ ರೆಕಾರ್ಡಿಂಗ್ ಒಪ್ಪುವ ಶಾಲೆಗಳೂ ಇವೆ, ಹೋಗಲಾಗದಿದ್ದರೆ ಕೇಳಲು ಸಂಕೋಚ ಬೇಡ. ಫೆಬ್ರವರಿಯ ಬಾಸ್ಟನ್, ನ್ಯೂಯಾರ್ಕ್ ಅಂದರೆ ಹೊರಗೆ ಹಿಮ, ಒಳಗೆ ಹೀಟರ್‌ನ ಒಣ ಗಾಳಿ. ಬೆಂಗಳೂರಿನ ತೇವಕ್ಕೆ ಒಗ್ಗಿದ ವಾದ್ಯ ಅಲ್ಲಿ ಒಂದೇ ರಾತ್ರಿಯಲ್ಲಿ ಕುಗ್ಗುತ್ತದೆ: ಬಿರಡೆಗಳು ತಾವೇ ಸಡಿಲಾಗುತ್ತವೆ, ಅಂಟಿನ ಕೂಡು ಬಿಚ್ಚಿಕೊಳ್ಳುವುದೂ ಉಂಟು. ಹೊರಡುವ ಮೊದಲೇ ಕೇಸಿನೊಳಗೆ ಹ್ಯುಮಿಡಿಫೈಯರ್ ಹಾಕಿ, ತಲುಪಿದ ಮೇಲೆ ಕೇಸನ್ನು ತಕ್ಷಣ ತೆರೆಯದೆ ಕೋಣೆಯ ಬಿಸಿಗೆ ಒಗ್ಗಲು ಕೆಲವು ಗಂಟೆ ಬಿಡಿ. ವಯೊಲಿನ್ ನಿಮ್ಮ ಕೈಯಲ್ಲೇ ವಿಮಾನ ಹತ್ತಬೇಕು, ಲಗೇಜಿಗೆ ಎಂದಿಗೂ ಕೊಡಬೇಡಿ. ತಾತನ ಕಾಲದ ಬಿಲ್ಲಾಗಿದ್ದು ತುದಿಯಲ್ಲಿ ಆನೆ ದಂತದ ತಟ್ಟೆ ಇದ್ದರೆ ಮನೆಯಲ್ಲೇ ಬಿಟ್ಟು ಬೇರೆ ಬಿಲ್ಲು ಒಯ್ಯಿರಿ, ಅಮೆರಿಕದ ಕಸ್ಟಮ್ಸ್‌ನಲ್ಲಿ ತೊಂದರೆಯಾಗುತ್ತದೆ. ನ್ಯೂಯಾರ್ಕ್‌ಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಮೂರು ದಿನ ಮೊದಲು ತಲುಪಿದರೆ ನೀವೂ ವಾದ್ಯವೂ ಒಟ್ಟಿಗೆ ಸುಧಾರಿಸಿಕೊಳ್ಳುತ್ತೀರಿ.

ಕೋಣೆಯೊಳಗಿನದು ಹತ್ತು ಹದಿನೈದು ನಿಮಿಷದ ಕೆಲಸ. ನಡುವೆ ‘ಥ್ಯಾಂಕ್ ಯೂ’ ಎಂದು ನಿಲ್ಲಿಸುತ್ತಾರೆ, ಅದು ಶಕುನವಲ್ಲ. ಅವರಿಗೆ ಕೇಳಬೇಕಾದ್ದು ಕೇಳಿಸಿತು ಎಂದಷ್ಟೇ ಅರ್ಥ. ಹೊರಗೆ ಕಾಯುವ ಕಾರಿಡಾರ್‌ನಲ್ಲಿ ಹತ್ತು ಜನ ಹತ್ತು ಕೋಣೆಗಳಲ್ಲಿ ಸಿಬೇಲಿಯಸ್ ನುಡಿಸುತ್ತಿರುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ.

ಉತ್ತರಗಳು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಬರತೊಡಗುತ್ತವೆ. ಅಸಿಸ್ಟೆಂಟ್‌ಶಿಪ್ ಜೊತೆಗಿನ ಕರೆ ಬಂದರೆ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವಂತೆ ನಿರ್ಧಾರಕ್ಕೆ ಏಪ್ರಿಲ್ 15ರವರೆಗೆ ಸಮಯವಿದೆ, ಅದಕ್ಕೆ ಮೊದಲು ಯಾರೂ ನಿಮ್ಮನ್ನು ಅವಸರಪಡಿಸಬಾರದು. ಎರಡು ಕಡೆ ಸಿಕ್ಕರೆ, ನೆರವು ಕಡಿಮೆಯಿರುವ ಕಡೆಗೆ ಇನ್ನೊಂದರ ಪತ್ರ ತೋರಿಸಿ ವಿನಯದಿಂದ ಕೇಳಿ. ಹಾಗೆ ಕೇಳುವುದು ಅಲ್ಲಿ ತಪ್ಪಲ್ಲ, ಎಷ್ಟೋ ಸಲ ಕೊಡುತ್ತಾರೆ.

ಜೂನ್ ಕೊನೆಯ ಭಾನುವಾರ ಬೆಳಗ್ಗೆ ಜಿ ಮೈನರ್ ಅಡಾಜಿಯೊದ ಮೊದಲ ಪುಟ ರೆಕಾರ್ಡ್ ಮಾಡಿ ನನಗೆ ಕಳಿಸಿ. ತಂಬೂರಿಯೊಡನೆ ಒಮ್ಮೆ, ಅದನ್ನು ಆಫ್ ಮಾಡಿ ಇನ್ನೊಮ್ಮೆ. ಆ ಬಿ ಫ್ಲ್ಯಾಟ್ ಎರಡರಲ್ಲೂ ಒಂದೇ ಜಾಗದಲ್ಲಿ ಕೂತಿದೆಯೇ ಎಂದು ಕೇಳಿ ಬರೆಯುತ್ತೇನೆ.